ನಿಂತಾಗ ಮಾತ್ರ ಅಳುವ ಕಾರು

ಒಂದು ಸದ್ದು ಮನೆಮಂದಿಗೆಲ್ಲ ಕೇಳಿಸಿದರೆ ಅದನ್ನು ಸದ್ದು ಎನ್ನುತ್ತಾರೆ. ಒಬ್ಬನಿಗೇ ಕೇಳಿಸಿದರೆ ಆ ಮನುಷ್ಯನ ಸ್ವಭಾವವೇ ಹಾಗೆ ಎನ್ನುತ್ತಾರೆ. ಐವತ್ತು ದಾಟಿದ ಗಂಡಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಲ್ಲಿ ತೊಟ್ಟಿಕ್ಕುವುದು, ಪಕ್ಕದ ಮನೆಯ ಗೇಟು ಕಿರುಗುಟ್ಟುವುದು, ಫ್ರಿಜ್ಜು ತನ್ನಷ್ಟಕ್ಕೇ ಗೊಣಗುವುದು, ಇವೆಲ್ಲ ಅವರೊಬ್ಬರ ಪಾಲಿಗೇ ಬಂದ ಪಿತ್ರಾರ್ಜಿತ ಆಸ್ತಿ. ನಮ್ಮ ಕಾರು ನಿಂತಲ್ಲೇ ಕುಂಯ್‌ಗುಡಲು ಶುರುಮಾಡಿದಾಗಲೂ ಹಾಗೇ ಆಯಿತು. ಅದು ಮೊದಲು ಕೇಳಿಸಿದ್ದು ನನಗೆ, ಬಹಳ ದಿನ ಕೇಳಿಸಿದ್ದೂ ನನಗೊಬ್ಬನಿಗೇ. ಈ ವಿಷಯವನ್ನು ನಾನು ಗಂಭೀರವಾಗಿಯೇ ಹೇಳುತ್ತಿದ್ದೇನೆ. ಇದರಲ್ಲಿ ನಗುವಂಥದ್ದು ಏನಾದರೂ ಕಂಡರೆ ಅದು ಓದುವವರ ಔದಾರ್ಯ.

ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಮೇಷ್ಟ್ರು. ಸವಕಳಿ ಎಂಬ ಪಾಠವನ್ನು, ಎಂದರೆ ಯಂತ್ರಗಳು ವರ್ಷದಿಂದ ವರ್ಷಕ್ಕೆ ಹೇಗೆ ಬೆಲೆ ಕಳೆದುಕೊಳ್ಳುತ್ತವೆ ಎಂಬುದನ್ನು, ಹಲಗೆಯ ತುಂಬ ಬರೆದು ಮಕ್ಕಳಿಗೆ ಮನದಟ್ಟು ಮಾಡಿಸಬಲ್ಲೆ. ಆದರೆ ನಿಜವಾದ ಯಂತ್ರದ ಮುಂದೆ ನಿಂತರೆ ನನ್ನ ಪಾಂಡಿತ್ಯವೆಲ್ಲ ಬಾನೆಟ್ ಎತ್ತುವುದರಲ್ಲಿ ಮುಗಿಯುತ್ತದೆ. ಎತ್ತಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ, ಆಸ್ಪತ್ರೆಯಲ್ಲಿ ದೂರದ ನೆಂಟರ ಮಂಚದ ಪಕ್ಕ ನಿಂತ ಹಾಗೆ ಕೈಕಟ್ಟಿ ನಿಲ್ಲುತ್ತೇನೆ. ಸ್ವಲ್ಪ ಹೊತ್ತು ನೋಡಿ, ನಿಟ್ಟುಸಿರು ಬಿಟ್ಟು, ಬಾನೆಟ್ ಮುಚ್ಚುತ್ತೇನೆ. ಕಾರು ಇಟ್ಟುಕೊಂಡ ನಮ್ಮ ಬೀದಿಯ ಎಲ್ಲ ಗಂಡಸರೂ ಹೀಗೇ ಮಾಡುವುದನ್ನು ನೋಡಿದ್ದೇನೆ, ಆದ್ದರಿಂದ ನನಗೆ ವಿಶೇಷ ನಾಚಿಕೆಯೇನೂ ಇಲ್ಲ.

ಸದ್ದಿನ ವಿಚಾರಕ್ಕೆ ಬರುತ್ತೇನೆ. ಕಾರು ಓಡುವಾಗ ಏನೂ ಇಲ್ಲ. ಸಿಗ್ನಲ್ಲಿನಲ್ಲಿ ನಿಂತು, ಇಂಜಿನ್ ತನ್ನ ಪಾಡಿಗೆ ಮೆಲ್ಲಗೆ ತಿರುಗುತ್ತಿರುವಾಗ ಮಾತ್ರ ಒಳಗಿನಿಂದ ಒಂದು ಸಣ್ಣ ಎಳೆಯ ಅಳು ಹೊರಡುತ್ತದೆ. ಏಸಿ ಹಾಕಿದರೆ ಅಳು ಹಾರ್ಮೋನಿಯಮ್ಮಿನ ಸ್ವರದ ಹಾಗೆ ಒಂದು ಮನೆ ಮೇಲೇರುತ್ತದೆ. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ನಿನ ದೊಡ್ಡ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಅಂದರೆ ದುಡಿಯುವಾಗ ಸುಮ್ಮನಿದ್ದು ವಿಶ್ರಾಂತಿಯಲ್ಲಿ ಗೋಳಾಡುವ ಜಾತಿ. ನಮ್ಮ ಸ್ಟಾಫ್ ರೂಮಿನಲ್ಲಿ ಇಂಥವರನ್ನು ಬೇಕಾದಷ್ಟು ಕಂಡಿದ್ದೇನೆ, ಅವರಿಗೆ ಮದ್ದಿಲ್ಲ. ಕಾರಿಗಾದರೂ ಇರಬಹುದು ಎಂದುಕೊಂಡು ನನ್ನ ಹೆಂಡತಿ ವಸುಧಾಳಿಗೆ ಹೇಳಿದೆ. ಅವಳು ಕಿವಿಗೊಟ್ಟ ಶಾಸ್ತ್ರ ಮಾಡಿ, "ನಂಗೇನೂ ಕೇಳಿಸ್ತಿಲ್ಲಪ್ಪ. ಕಾರು ಅಂದ್ಮೇಲೆ ಸದ್ದು ಮಾಡ್ದೆ ಇರುತ್ತಾ? ಎತ್ತಿನ ಗಾಡಿನೂ ಕಿರುಗುಟ್ತಿತ್ತು, ಯಾರೂ ಅದಕ್ಕೆ ನಿದ್ದೆ ಬಿಟ್ಟಿರಲಿಲ್ಲ" ಎಂದಳು.

ನನಗೆ ನ್ಯಾಯ ಸಿಕ್ಕಿದ್ದು ಗಾಂಧಿ ಬಜಾರಿನಲ್ಲಿ. ಪರದೆ ಬಟ್ಟೆ ಕೊಳ್ಳಲು ಹೋಗಿದ್ದೆವು. ಆ ಬೀದಿಗೆ ಕಾರು ತೆಗೆದುಕೊಂಡು ಹೋಗಬಾರದು ಎಂಬುದು ಶಿವಮೊಗ್ಗದಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು, ಎಲ್ಲರೂ ತೆಗೆದುಕೊಂಡು ಹೋಗುತ್ತಾರೆ. ಮುಂದೆ ಈರುಳ್ಳಿ ಮೂಟೆ ಇಳಿಸುತ್ತಿದ್ದ ತಳ್ಳುಗಾಡಿ, ಹಿಂದೆ ಆಟೋ. ಕಾರು ನಿಂತಿತು, ನಿಂತದ್ದೇ ತಡ ಅಳಲು ಶುರುಮಾಡಿತು. ಹಗ್ಗ, ಗೋಣಿಚೀಲ ಮಾರುವ ಅಂಗಡಿಯ ಸಾಹೇಬರು ಗಲ್ಲಾ ಬಿಟ್ಟು ಎದ್ದು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟರು. "ಗಾಡಿ ಬಿಮಾರ್ ಆಗಿದೆ ಸಾರ್. ಬೆಲ್ಟು ಇರ್ಬೇಕು. ಸ್ವಲ್ಪ ಪಾನಿ ಹಾಕಿ ನೋಡೋಣ, ಚುಪ್ ಆದ್ರೆ ಬೆಲ್ಟೇ" ಎಂದು ಬಾನೆಟ್ ಎತ್ತಿಸಿ, ತಾವೇ ಚೊಂಬಿನಲ್ಲಿ ನೀರು ತಂದು ಬೆಲ್ಟಿಗೆ ಚಿಮುಕಿಸಿದರು. ಕಾರು ಒಂದು ಕ್ಷಣ ಸುಮ್ಮನಾಯಿತು. ಸುತ್ತ ಸೇರಿದ್ದವರು ಹೋ ಎಂದರು. ಮತ್ತೆ ಶುರುವಾಯಿತು. ಆಗ ಒಬ್ಬರು ನೀರಲ್ಲ, ಪೌಡರ್ ಹಾಕಬೇಕೆಂದರು, ಇನ್ನೊಬ್ಬರು ಸೋಪು ತಿಕ್ಕಬೇಕೆಂದರು, ಮತ್ತೊಬ್ಬರು ಗಾಡಿಯನ್ನೇ ಮಾರಬೇಕೆಂದರು. ನನ್ನ ಕಾರಿನ ಕಾಯಿಲೆ ಇಡೀ ಬಜಾರಿಗೆ ಕೇಳಿಸುತ್ತಿದೆ ಎಂಬುದರಿಂದ ನನಗಾದ ಸಂತೋಷ ಅಷ್ಟಿಷ್ಟಲ್ಲ. ವಸುಧಾಳ ಕಡೆ ನೋಡಿದೆ. ಅವಳು ಪರದೆ ಬಟ್ಟೆಯ ಗಂಟನ್ನು ಎದೆಗೆ ಅವಚಿಕೊಂಡು ತನಗೂ ಈ ಕಾರಿಗೂ ಸಂಬಂಧವಿಲ್ಲದವಳಂತೆ ಅಂಗಡಿಯ ಬೋರ್ಡು ಓದುತ್ತಿದ್ದಳು.

ನವುಲೆಯ ಹತ್ತಿರ ಒಂದು ಗ್ಯಾರೇಜಿನಲ್ಲಿ ಬೆಲ್ಟು ಬದಲಾಯಿಸಿಕೊಟ್ಟರು. ಕೆಲವು ದಿನ ಕಾರು ಮೌನವ್ರತ ಹಿಡಿಯಿತು. ನಾನು ಸಿಗ್ನಲ್ ಹಸಿರಾದರೂ ಗಮನಿಸದೆ ಆ ಮೌನವನ್ನು ಅನುಭವಿಸುತ್ತ ಕೂತಿದ್ದು ಹಿಂದಿನವರಿಂದ ಬೈಸಿಕೊಂಡೆ. ಆಮೇಲೆ ಒಂದು ಬೆಳಿಗ್ಗೆ ಕಾಲೇಜಿನ ಗೇಟಿನಲ್ಲಿ ಮತ್ತೆ ಅದೇ ಅಳು, ಈ ಸಲ ಸ್ವಲ್ಪ ಮುನಿಸು ಸೇರಿಸಿಕೊಂಡು. ಗ್ಯಾರೇಜಿಗೆ ಒಯ್ದರೆ ಅಲ್ಲಿ ಸದ್ದಿಲ್ಲ. ಡಾಕ್ಟರ ಕುರ್ಚಿಯಲ್ಲಿ ಕೂತ ತಕ್ಷಣ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ. ಮೆಕ್ಯಾನಿಕ್ಕು ನನ್ನನ್ನು ಕರುಣೆಯಿಂದ ನೋಡಿ, "ಡೈನಮೋ ಇರ್ಬೋದು ಸಾರ್, ಇಲ್ಲಾ ಏಸಿ ಕಂಪ್ರೆಸರ್, ಇಲ್ಲಾ ನೀರಿನ ಪಂಪು. ಒಂದೊಂದೇ ಬದಲಾಯಿಸ್ತಾ ಹೋದ್ರೆ ಯಾವುದಾದ್ರೂ ಒಂದ್ರಲ್ಲಿ ನಿಂತೇ ನಿಲ್ಲುತ್ತೆ" ಎಂದ. ಅವನ ತರ್ಕದಲ್ಲಿ ದೋಷವಿರಲಿಲ್ಲ. ಆ ದಾರಿಯಲ್ಲಿ ಹೋದರೆ ಕೊನೆಗೆ ಹೊಸ ಕಾರೇ ಬಂದಿರುತ್ತದೆ ಎಂದು ಮಾತ್ರ ನನಗನ್ನಿಸಿತು. ಯೋಚನೆ ಮಾಡಿ ಹೇಳ್ತೀನಿ ಎಂದು ಬಂದುಬಿಟ್ಟೆ.

ಇಲ್ಲಿಗೆ ಕಾರನ್ನು ಸ್ವಲ್ಪ ನಿಲ್ಲಿಸಿ ನನ್ನ ಅಕ್ಕನ ವಿಚಾರ ಹೇಳಬೇಕು, ಯಾಕೆಂದರೆ ಆ ದಿನಗಳಲ್ಲಿ ನನಗಿದ್ದ ನಿಜವಾದ ಚಿಂತೆ ಅದು. ಕಾರಿನ ಚಿಂತೆಯನ್ನು ನಾನು ಅದರ ಮೇಲೆ ಹೊದೆಸಿಕೊಂಡಿದ್ದೆ ಅಷ್ಟೆ. ಅಕ್ಕ ಸರೋಜ ಇರುವುದು ಭದ್ರಾವತಿಯಲ್ಲಿ. ಭಾವ ನಂಜುಂಡಯ್ಯನವರು ಅಲ್ಲಿಯ ಕಾರ್ಖಾನೆಯೊಂದರ ದುರಸ್ತಿ ವಿಭಾಗದಲ್ಲಿ ಜೀವಮಾನವಿಡೀ ದುಡಿದು ನಿವೃತ್ತರಾದವರು. ಮದುವೆಯಾದಾಗಿನಿಂದ ಒಬ್ಬರ ಮೇಲೊಬ್ಬರು ದನಿ ಎತ್ತಿದ್ದನ್ನು ನಾವು ಕಂಡಿರಲಿಲ್ಲ. ಅಂಥ ಅಕ್ಕ ಈಚೆಗೆ ಪ್ರತಿ ಸಂಜೆ ಫೋನ್ ಮಾಡಿ ಅಳುತ್ತಿದ್ದಳು. "ನಿಮ್ಮ ಭಾವ ನನ್ನ ಜೊತೆ ಮಾತು ಬಿಟ್ಟಿದಾರೆ ಕಣೋ. ಕರೆದ್ರೆ ಓ ಅನ್ನಲ್ಲ, ತಿರುಗಿ ನೋಡಲ್ಲ. ಬೀದೀಲಿ ಹೋಗೋ ಗಂಡಸರ ಹತ್ರ ಎಲ್ಲಾ ನಕ್ಕೊಂಡು ಮಾತಾಡ್ತಾರೆ. ನಾನೊಬ್ಳೇ ಆಗದೇ ಇರೋಳು." ಕೊನೆಕೊನೆಗೆ, "ಬಟ್ಟೆ ಕಟ್ಟಿಟ್ಟಿದೀನಿ. ನಿಮ್ಮನೇಲಿ ಒಂದು ಮೂಲೆ ಕೊಡು, ಸಾಕು" ಎನ್ನುವವರೆಗೆ ಬಂತು. ಅರವತ್ತು ದಾಟಿದ ಅಕ್ಕ ಗಂಡನ ಮನೆ ಬಿಟ್ಟು ತಮ್ಮನ ಮನೆಗೆ ಬರುತ್ತೇನೆ ಎಂದರೆ ತಮ್ಮನಾದವನ ಊಟ ಮೈಗೆ ಹತ್ತುವುದಿಲ್ಲ.

ಅಕ್ಕನಿಗೆ ಇದಕ್ಕೆ ಕಾರಣವೂ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದಳು. ಭಾವನ ಕಿವಿ ಭದ್ರಾವತಿಯಲ್ಲಿ ಹೆಸರಾದದ್ದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ ಒಂದು ನಿಮಿಷ ನಿಂತರೆ ಸಾಕು, ಒಳಗೆ ಏನು ಸವೆದಿದೆ ಎಂದು ಹೇಳುತ್ತಿದ್ದರು. ನಿವೃತ್ತಿಯಾದ ಮೇಲೆ ಆ ಕಿವಿ ಹುಡುಕಿಕೊಂಡು ಜನ ಮನೆಗೇ ಬರತೊಡಗಿದರು. ಮಿಕ್ಸರ್, ಬಾವಿ ಪಂಪು, ಸ್ಕೂಟರು, ಒಮ್ಮೆ ಒಬ್ಬರು ಹೊಲಿಗೆ ಯಂತ್ರವನ್ನು ತಲೆಯ ಮೇಲೆ ಹೊತ್ತುಕೊಂಡು ಬಂದಿದ್ದರು. ನಡುಮನೆಯ ತುಂಬ ಗ್ರೀಸು. ಭಾವ ಬಿಗಿಯಾದ ನಟ್ಟನ್ನು ಕಾರ್ಖಾನೆಯಲ್ಲಿ ಕಲಿತ ತಮಿಳಿನಲ್ಲಿ ಬೈಯುತ್ತಿದ್ದರು, ಸಡಿಲವಾದ ಮೇಲೆ ಕನ್ನಡದಲ್ಲಿ ಹೊಗಳುತ್ತಿದ್ದರು. ಅಕ್ಕ ಒಂದು ದಿನ ತಾಳ್ಮೆಗೆಟ್ಟು, ಇದು ಮನೆಯೋ ವರ್ಕ್‌ಶಾಪೋ ಎಂದು ಕೇಳಿದಳಂತೆ. ಭಾವ ಏನೂ ಹೇಳದೆ ತಮ್ಮ ಮೇಜು, ಸಾಮಾನುಗಳನ್ನೆಲ್ಲ ಹಿತ್ತಿಲ ಶೆಡ್ಡಿಗೆ ಸಾಗಿಸಿದರು. ಆ ಸಿಟ್ಟೇ ಇಂದಿಗೂ ಹೊಗೆಯಾಡುತ್ತಿದೆ ಎಂಬುದು ಅಕ್ಕನ ತೀರ್ಮಾನ.

ಅಕ್ಕ ಗಂಡನನ್ನು ಕರೆಯುವ ಕ್ರಮವನ್ನೂ ಹೇಳಬೇಕು. ಅವಳ ಕಾಲದ ನಮ್ಮ ಕಡೆಯ ಹೆಂಗಸರಂತೆ ಅವಳು ಗಂಡನ ಹೆಸರು ಹಿಡಿಯುವವಳಲ್ಲ. ಅಡುಗೆಮನೆಯಿಂದಲೇ "ರೀ" ಎನ್ನುತ್ತಾಳೆ. ಅವಳದು ಮೊದಲೇ ಸಣ್ಣ ಕಂಠ, ಚಿಕ್ಕಂದಿನಲ್ಲಿ ಅವಳು ದೇವರನಾಮ ಹಾಡಿದರೆ ತಂತಿ ಮೀಟಿದ ಹಾಗೆ ಇರುತ್ತಿತ್ತು. ಆ ಕಂಠದಲ್ಲಿ ಒಂದು "ರೀ". ಒಂದೇ. ಓಗೊಡದಿದ್ದರೆ ಎರಡನೆಯ ಸಲ ಕರೆಯುವುದು ಮರ್ಯಾದೆಗೆ ಕಡಿಮೆ. ಹೆಸರು ಹಿಡಿದು ಕೂಗುವ ಸ್ವಾತಂತ್ರ್ಯ ಇದ್ದಿದ್ದರೆ ಅವಳು ಎಂದೋ ಬೀದಿಗೆಲ್ಲ ಕೇಳುವಂತೆ ಕೂಗಿ ವಿಷಯ ಇತ್ಯರ್ಥ ಮಾಡಿಕೊಳ್ಳುತ್ತಿದ್ದಳು. ಅದಿಲ್ಲದ್ದರಿಂದ ಕಾಫಿ ಲೋಟವನ್ನು ಕುಕ್ಕಿ ಇಡುವುದೊಂದೇ ಉಳಿದಿತ್ತು.

"ನೀವು ಹೋಗಿ ನಿಮ್ಮ ಭಾವನ ಹತ್ರ ಒಂದು ಮಾತಾಡ್ಬನ್ನಿ. ನಾನೂ ಬಂದ್ರೆ ಹೆಂಗಸರ ಪಕ್ಷ ಕಟ್ಕೊಂಡು ಬಂದ ಹಾಗಾಗುತ್ತೆ. ಹೇಗೂ ಕಾರಿನ ನೆಪ ಇದೆಯಲ್ಲ" ಎಂದು ವಸುಧಾ ಭಾನುವಾರ ನನ್ನನ್ನು ಹೊರಡಿಸಿದಳು. ಭಾವನಿಗೆ ಬುದ್ಧಿ ಹೇಳುವುದೆಂದರೆ ನನಗೆ ಸಣ್ಣ ಕೆಲಸವಲ್ಲ. ನಾನು ಕಾಲೇಜಿಗೆ ಸೇರಿದಾಗ ಮೊದಲ ಸೈಕಲ್ಲಿಗೆ ಬ್ರೇಕು ಕಟ್ಟಿಕೊಟ್ಟವರು ಅವರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಭಾವ, ಈ ವಯಸ್ಸಿನಲ್ಲಿ ಒಬ್ಬರಿಗೊಬ್ಬರು ಎಂದು ಶುರುಮಾಡಿದರೆ ಉಪನ್ಯಾಸದ ಹಾಗಾಗುತ್ತಿತ್ತು. ನೋಡಿ ಭಾವ, ಅಕ್ಕ ಅಳ್ತಾಳೆ ಎಂದು ಶುರುಮಾಡಿದರೆ ಚಾಡಿಯ ಹಾಗಾಗುತ್ತಿತ್ತು. ಭದ್ರಾವತಿ ಬಂದರೂ ಮೊದಲ ವಾಕ್ಯ ಸಿದ್ಧವಾಗಿರಲಿಲ್ಲ. ಅವರ ಮನೆಯ ಮುಂದೆ ಕಾರು ನಿಲ್ಲಿಸಿದೆ. ಗ್ಯಾರೇಜಿನಲ್ಲಿ ಬಾಯಿ ಹೊಲಿದುಕೊಂಡಿದ್ದ ಕಾರು ಇಲ್ಲಿ ಗಂಟಲು ಬಿಚ್ಚಿ ಅಳತೊಡಗಿತು. ಭಾವನಿಗೆ ತೋರಿಸಬೇಕೆಂದು ಇಂಜಿನ್ ಆರಿಸದೆ ಇಳಿದೆ.

"ಬಾ ಮಾರಾಯ, ಏನು ಬಂದಿದ್ದು?" ಎಂದು ಭಾವ ಹೊರಗೆ ಬಂದರು. ಕಾರ್ಖಾನೆಯಲ್ಲಿ ದುಡಿದವರ ಮಾತು ಯಾವಾಗಲೂ ಎರಡು ಮನೆಗೆ ಕೇಳಿಸುವಷ್ಟಿರುತ್ತದೆ, ಅದರಲ್ಲಿ ನಮಗೆ ಹೊಸತೇನೂ ಕಾಣಲಿಲ್ಲ. ನನ್ನದು ಪಾಠ ಹೇಳಿ ದಪ್ಪಗಾದ ದನಿ. ಕಾರಿನ ಸಮಾಚಾರ ಹೇಳಿದೆ, ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟರು. ಶೆಡ್ಡಿನಿಂದ ಸ್ಕ್ರೂಡ್ರೈವರ್ ತಂದು ಇಂಜಿನ್ನಿಗೆ ಒತ್ತಿ, ಹಿಡಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದರು. ಒಂದು ಕಡೆ, ಇನ್ನೊಂದು ಕಡೆ, ಮತ್ತೊಂದು ಕಡೆ. ಅವರು ಕಣ್ಣು ತೆರೆದು, "ಏನೂ ಇಲ್ಲ ಕಣೋ ಇದ್ರಲ್ಲಿ. ಇಂಜಿನ್ ಬೆಣ್ಣೆ ಥರ ಓಡ್ತಿದೆ. ನಿಂಗೆಲ್ಲೋ ಭ್ರಮೆ" ಎಂದರು.

ಅಷ್ಟು ಹೊತ್ತೂ ಕಾರು ನಮ್ಮಿಬ್ಬರ ನಡುವೆ ಎಡೆಬಿಡದೆ ಅಳುತ್ತಲೇ ಇತ್ತು. ಭದ್ರಾವತಿಯ ಅತಿ ದೊಡ್ಡ ಕಿವಿ ಇಲ್ಲ ಎಂದ ಮೇಲೆ ಇಲ್ಲವೇ ಇರಬೇಕು, ಕೆಟ್ಟಿರುವುದು ನಾನೇ ಎಂದು ನನಗೆ ಒಂದು ಗಳಿಗೆ ನಿಜವಾಗಿ ಭಯವಾಯಿತು. ಅಷ್ಟರಲ್ಲಿ ಅಕ್ಕ ಕಾಫಿ ಹಿಡಿದು ಬಾಗಿಲಿಗೆ ಬಂದಳು. "ಇದೇನೋ ಇದು, ನಿನ್ನ ಕಾರು ಹಸುಗೂಸಿನ ಹಾಗೆ ಕುಂಯ್ ಅಂತಿದೆ!" ಎಂದಳು. ನನ್ನ ಜೀವ ಬಂತು. ಅವಳು ಭಾವನ ಬೆನ್ನಿಗೆ, "ರೀ, ಕಾಫಿ" ಎಂದಳು. ಭಾವ ತಿರುಗಲಿಲ್ಲ. ಬಗ್ಗಿಕೊಂಡು ಇಂಜಿನ್ ನೋಡುತ್ತಲೇ ಇದ್ದರು. ಅಕ್ಕ ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿ, ನೋಡಿದೆಯಲ್ಲ ಎನ್ನುವಂತೆ ನನ್ನತ್ತ ಕಣ್ಣು ಮಾಡಿ ಒಳಗೆ ಹೋದಳು. ಅವಳ ಕಣ್ಣು ತುಂಬಿತ್ತು. ನನಗೆ ಭಾವನ ಮೇಲೆ ಹುಟ್ಟಿದ ಸಿಟ್ಟನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಎದುರಿಗೇ ಇಷ್ಟು ತಾತ್ಸಾರವೇ ಎಂದು ಮೈ ಉರಿಯಿತು. ಹೇಳಬೇಕಾದ ಮೊದಲ ವಾಕ್ಯ ಆಗ ತಾನಾಗಿ ನಾಲಿಗೆಗೆ ಬಂತು, ಅದು ಅಷ್ಟೇನೂ ಒಳ್ಳೆಯ ವಾಕ್ಯವಾಗಿರಲಿಲ್ಲ.

ಪುಣ್ಯಕ್ಕೆ ಭಾವನೇ ಮೊದಲು ಮಾತಾಡಿದರು. "ಅಷ್ಟು ದೂರದಿಂದ ಬಂದಿದೀಯ. ಬೆಲ್ಟ್ ತೆಗೆದು ಒಂದೊಂದು ಗಾಲಿ ಕೈಯಲ್ಲಿ ತಿರುಗಿಸಿ ನೋಡಿಬಿಡೋಣ. ಇಂಜಿನ್ ಆಫ್ ಮಾಡು." ಆಫ್ ಮಾಡಿದೆ. ಅವರು ನಟ್ಟಿಗೆ ತಮಿಳಿನ ಎರಡು ಮಾತು ಹೇಳಿ ಸಡಿಲಿಸಿ ಬೆಲ್ಟು ತೆಗೆದರು. ಬೆಲ್ಟು ಸುತ್ತಿಕೊಳ್ಳುವ ಗಾಲಿಗಳನ್ನು ಬೆರಳಲ್ಲಿ ತಿರುಗಿಸಿದರು. ಡೈನಮೋ ಗಾಲಿ ಸರಿ. ಪಂಪಿನದು ಸರಿ. ಕೊನೆಗೆ, ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಒಂದು ಸಣ್ಣ ಗಾಲಿ. ಅದನ್ನು ತಿರುಗಿಸಿ ಕೈ ತೆಗೆದರು. ಮತ್ತೆ ತಿರುಗಿಸಿದರು. ಬೆರಳಿನ ತುದಿಯನ್ನು ಅದರ ಮೇಲೆ ಹಾಗೇ ಇಟ್ಟು ನಿಧಾನವಾಗಿ ತಿರುಗಿಸಿದರು. ನನ್ನ ಕೈಹಿಡಿದು ಅದರ ಮೇಲಿಟ್ಟರು. ಒಳಗೆ ಮರಳು ಸೇರಿದ ಹಾಗೆ ಕರಕರ ಎನ್ನುವುದು ನನ್ನಂಥವನ ಬೆರಳಿಗೂ ತಿಳಿಯಿತು.

"ಬೇರಿಂಗ್ ಪೂರ್ತಿ ಹೋಗಿದೆ" ಎಂದರು ಭಾವ. ನಾನು ತಲೆಯಾಡಿಸಿದೆ. ಅವರು ಗಾಲಿಯನ್ನೇ ನೋಡುತ್ತ ನಿಂತರು. "ಇಷ್ಟು ಹೋಗಿರೋ ಬೇರಿಂಗ್ ಸುಮ್ನಿರಲ್ಲ. ಕೂಗಲೇಬೇಕು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಕೂಗ್ತಿತ್ತಾ?" ಎಂದರು.

"ಕೂಗ್ತಿತ್ತು ಭಾವ."

"ಈಗ ನಾನು ಕಿವಿ ಇಟ್ಟಾಗ್ಲೂ?"

"ಆಗ್ಲೂ."

"ಸರೋಜಂಗೆ ಕೇಳಿಸ್ತಾ?"

"ಕೇಳಿಸ್ತು. ನಿಮ್ಮ ಬೆನ್ನಿಗೇ ನಿಂತ್ಕೊಂಡು ಹೇಳಿದ್ಲು. ಕಾಫಿ ತಗೊಳ್ಳಿ ಅಂತಾನೂ ಕರೆದ್ಲು."

ಭಾವ ಕಟ್ಟೆಯ ಮೇಲಿದ್ದ ಲೋಟವನ್ನು ನೋಡಿದರು. ಅದು ಅಲ್ಲಿಗೆ ಯಾವಾಗ ಬಂತೆಂದು ಅವರಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತರು. ಅವರ ದನಿಗೆ ಎಂದೂ ಇಲ್ಲದ ಮೆಲ್ಲಗಿನ ಸ್ವರದಲ್ಲಿ, "ಅವಳು ನನ್ನ ಕರೀತಾಳಾ?" ಎಂದು ಕೇಳಿದರು. ದಿನಾ ಕರೀತಾಳೆ ಎಂದೆ. "ನಾನು ಅವಳೇ ಮಾತು ಬಿಟ್ಟಿದಾಳೆ ಅಂದ್ಕೊಂಡಿದ್ದೆ ಮಾರಾಯ. ಶೆಡ್ಡಿಗೆ ಹೋದ ಮೇಲೆ ಕರೆಯೋದೇ ನಿಲ್ಲಿಸಿದಾಳೆ, ಮನೆ ಗಲೀಜು ಮಾಡ್ತಿದ್ದೆ ಅಂತ ಬೇಜಾರಿರ್ಬೇಕು, ನಾನಾಗಿ ಮೇಲೆ ಬಿದ್ದು ಯಾಕೆ ಮಾತಾಡ್ಲಿ ಅಂತ ಸುಮ್ನಿದ್ದೆ. ನಿಮ್ಮೆಲ್ಲರ ಮಾತು ಕೇಳಿಸುತ್ತಲ್ಲ. ಲಾರಿ ಕೇಳಿಸುತ್ತೆ, ರೇಡಿಯೋ ವಾರ್ತೆ ಕೇಳಿಸುತ್ತೆ. ಕಿವಿ ಹೋಗಿದ್ರೆ ಎಲ್ಲಾ ಹೋಗ್ಬೇಕಲ್ವಾ?" ಅವರು ಕೇಳಿದ್ದರಲ್ಲಿ ತಪ್ಪೇನಿತ್ತು? ನಾವೂ ಹಾಗೇ ಅಂದುಕೊಂಡಿದ್ದೆವು. ಇಡೀ ಲೋಕದ ಮಾತು ಕೇಳಿಸಿಕೊಂಡು ಹೆಂಡತಿಯ ಮಾತು ಮಾತ್ರ ಕೇಳಿಸಿಕೊಳ್ಳದವನನ್ನು ಕಿವುಡ ಎನ್ನುವವರು ನಮ್ಮಲ್ಲಿ ಯಾರೂ ಇಲ್ಲ. ಗಂಡ ಎನ್ನುತ್ತಾರೆ.

"ಹೋಗಿ ಅವಳಿಗೆ ಕರಿಯೋಕೆ ಹೇಳು. ನೋಡೇ ಬಿಡೋಣ" ಎಂದರು. ನಾನು ಅಡುಗೆಮನೆಗೆ ಹೋದೆ. ಅಕ್ಕ ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದಳು. ಭಾವನನ್ನು ಒಂದು ಸಲ ಕರಿ ಎಂದೆ. "ನಾನ್ಯಾಕೆ ಕರೀಲಿ? ಕರೆದೂ ಕರೆದೂ ಸಾಕಾಗಿದೆ" ಎಂದಳು. ನನ್ನ ಮಾತಿಗೆ ಬೆಲೆ ಕೊಡುವುದಾದರೆ ಒಂದು ಸಲ ಎಂದೆ. ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡು, ಮುಂಗಡೆಯ ಕಿಟಕಿಯತ್ತ ತಿರುಗಿ, "ರೀ" ಎಂದಳು.

ಕಿಟಕಿಯಿಂದ ಕಟ್ಟೆ ನೇರವಾಗಿ ಕಾಣುತ್ತದೆ. ಭಾವ ಅಲ್ಲಿ ಕೂತು, ಗ್ರೀಸಾದ ಅಂಗೈಯನ್ನು ಕಿವಿಯ ಹಿಂದೆ ಹಿಡಿದು, ಕುತ್ತಿಗೆ ಮುಂದೆ ಚಾಚಿ, ಮನೆಯ ಕಡೆಗೇ ಮುಖಮಾಡಿ ಕಾಯುತ್ತಿದ್ದರು. ಕರೆ ಹೋಗಿ ಮುಗಿದ ಮೇಲೂ ಹಾಗೇ ಕಾಯುತ್ತಿದ್ದರು. ಅಕ್ಕ ಅವರನ್ನು ನೋಡಿದಳು, ನನ್ನನ್ನು ನೋಡಿದಳು. ತಾನಾಗಿಯೇ ಇನ್ನೊಂದು ಸಲ, ಸ್ವಲ್ಪ ಜೋರಾಗಿ, "ರೀ" ಎಂದಳು. ಭಾವ ಕೈಯನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು. ಅಕ್ಕ ಸೌಟು ಕೆಳಗಿಟ್ಟಳು. ಒಲೆ ಆರಿಸುವುದನ್ನೂ ಮರೆತು ಹೊರಗೆ ಓಡಿದಳು, ಆರಿಸಿದ್ದು ನಾನು.

ಹೊರಗೆ ಬಂದಾಗ ಅವಳು ಭಾವನ ಮುಂದೆ ನಿಂತು ಬೈಯುತ್ತಿದ್ದಳು. "ಕೇಳಿಸಲ್ಲ ಅಂತ ಹೇಳೋಕೇನಾಗಿತ್ತು ನಿಮ್ಗೆ?" ಭಾವ ಅವಳ ತುಟಿಯನ್ನೇ ದಿಟ್ಟಿಸಿ ನೋಡಿ ಅರ್ಥಮಾಡಿಕೊಂಡು, "ಕೇಳಿಸ್ತಿಲ್ಲ ಅಂತ ನಂಗೆ ಹೇಗೆ ಗೊತ್ತಾಗ್ಬೇಕು ಸರೋಜ? ಕೇಳಿಸಿದ್ರೆ ತಾನೆ ಗೊತ್ತಾಗೋದು?" ಎಂದರು. ಅಕ್ಕ ಅಳುತ್ತ ನಗುತ್ತ ತಣ್ಣಗಾದ ಕಾಫಿಯನ್ನು ಬಿಸಿ ಮಾಡಲು ಒಳಗೆ ಹೋದಳು. ನನಗೂ ಮೂಗು ಕಟ್ಟಿ ಬಂದದ್ದರಿಂದ ಬಾನೆಟ್ಟಿನೊಳಗೆ ತಲೆ ಹಾಕಿ ಏನನ್ನೋ ಪರೀಕ್ಷಿಸುವವನಂತೆ ನಿಂತೆ. ಬಾನೆಟ್ಟಿನ ನಿಜವಾದ ಉಪಯೋಗ ನನಗೆ ಅಂದು ತಿಳಿಯಿತು.

ಅಂಗಡಿಯಿಂದ ಹೊಸ ಬೇರಿಂಗ್ ತಂದು ಮಧ್ಯಾಹ್ನದ ಊಟಕ್ಕೆ ಮುಂಚೆ ಭಾವ ಕೂರಿಸಿದರು. ಇಂಜಿನ್ ಶುರುಮಾಡಿ, ನಿಂತಿತಾ ಎಂದು ನನ್ನನ್ನು ಕೇಳಿದರು. ನಿಂತಿತು ಎಂದೆ. ನಂಬದೆ ಅಕ್ಕನನ್ನು ಕರೆದು ಅವಳನ್ನೂ ಕೇಳಿದರು. ಅವಳು ತಲೆಯಾಡಿಸಿದ ಮೇಲೆ ಬಾನೆಟ್ ಮುಚ್ಚಿದರು. ಆದರೆ ಮುಖ ಗೆಲುವಾಗಿರಲಿಲ್ಲ. ಸ್ಕ್ರೂಡ್ರೈವರನ್ನು ಒರೆಸಿ ಒರೆಸಿ, ಎಲ್ಲಿಡುವುದೆಂದು ತಿಳಿಯದವರಂತೆ ಕೈಯಲ್ಲೇ ಹಿಡಿದುಕೊಂಡು ಓಡಾಡಿದರು. ಯಂತ್ರಗಳ ಗದ್ದಲದ ನಡುವೆ ನಿಂತು ಯಂತ್ರಗಳನ್ನು ಕೇಳಿಸಿಕೊಂಡೇ ಬಾಳು ಕಳೆದವರು ಅವರು. ಅದೇ ಗದ್ದಲ ಅವರ ಕಿವಿಯನ್ನು ಒಂದು ಕಡೆಯಿಂದ ತಿನ್ನುತ್ತ ಬಂದಿದ್ದು ಯಾರಿಗೂ ಕೇಳಿಸಿರಲಿಲ್ಲ.

ಮುಂದಿನ ವಾರ ಇಬ್ಬರನ್ನೂ ಶಿವಮೊಗ್ಗಕ್ಕೆ ಕರೆಸಿ ಕಿವಿ ಪರೀಕ್ಷೆಗೆ ಕರೆದೊಯ್ದೆವು. ವಸುಧಾಳೂ ಬಂದಳು. ಗಾಜಿನ ಕೋಣೆಯಲ್ಲಿ ಭಾವನನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕೆಂದರು. ಭಾವ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತ ಹುಡುಗನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತರು. ಪರೀಕ್ಷೆ ಮಾಡಿದ ಹೆಣ್ಣುಮಗಳು ಹೊರಗೆ ಬಂದು ವಿವರಿಸಿದಳು. ದಪ್ಪ ಸದ್ದುಗಳು ಪರವಾಗಿಲ್ಲ, ಸಣ್ಣ ಚೂಪಾದ ಸದ್ದುಗಳು ಹೆಚ್ಚುಕಮ್ಮಿ ಹೋಗಿವೆ, ಕಾರ್ಖಾನೆಯಲ್ಲಿ ಬಹಳ ವರ್ಷ ಇದ್ದವರಿಗೆ ಹೀಗಾಗುವುದುಂಟು. ಗಂಡಸರ ಮಾತನ್ನೂ ಅರ್ಧ ಕೇಳಿ ಅರ್ಧ ತುಟಿ ನೋಡಿ ತೂಗಿಸುತ್ತಿದ್ದರಂತೆ. ಅಕ್ಕ ಎಲ್ಲವನ್ನೂ ಕೇಳಿ, "ಹಾಗಾದ್ರೆ ಇದು ಸಿಟ್ಟಲ್ವಾಮ್ಮ?" ಎಂದಳು. "ಸಿಟ್ಟಲ್ಲ ಅಮ್ಮ, ನರ" ಎಂದಳು ಆ ಹುಡುಗಿ. ಒಂದು ನರದ ಕಾಯಿಲೆ ಎಂದು ಕೇಳಿ ಅಷ್ಟು ಸಂತೋಷಪಟ್ಟ ಹೆಂಗಸನ್ನು ಆಕೆ ಅದಕ್ಕೆ ಮುಂಚೆ ಕಂಡಿರಲಾರಳು.

ಕಿವಿಯ ಹಿಂದೆ ಕೂರುವ ಸಣ್ಣ ಮಿಷನ್ನನ್ನು ಅಲ್ಲೇ ಹಾಕಿ ನೋಡಿದರು. ಪಕ್ಕದಲ್ಲಿ ಯಾರೋ ಕಾಗದ ಮಡಿಸಿದ್ದಕ್ಕೆ ಭಾವ ಬೆಚ್ಚಿಬಿದ್ದರು. ಅಕ್ಕ ಅವರ ಹಿಂದೆ ನಿಂತಿದ್ದಳು. ಮೆಲ್ಲಗೆ, ನಾಲ್ಕು ಜನರ ಮುಂದೆ ಎಂಬ ಸಂಕೋಚದಲ್ಲಿ, "ರೀ" ಎಂದಳು. ಭಾವ ಗಕ್ಕನೆ ತಿರುಗಿ, "ಏನೇ?" ಎಂದರು. ಅಕ್ಕ, "ಏನಿಲ್ಲ, ಸುಮ್ನೆ" ಎಂದಳು. ಇಬ್ಬರೂ ಹಾಗೇ ನೋಡುತ್ತ ನಿಂತರು. ನನಗೆ ಕಣ್ಣು ತುಂಬಿ ಬಂತು, ಎತ್ತಲು ಹತ್ತಿರದಲ್ಲಿ ಬಾನೆಟ್ಟೂ ಇರಲಿಲ್ಲ.

ಇಲ್ಲಿಗೆ ಎಲ್ಲವೂ ಸುಖವಾಗಿ ಮುಗಿಯಬೇಕಿತ್ತು. ಅಷ್ಟರಲ್ಲಿ ವಸುಧಾ, "ಹೇಗೂ ಬಂದಿದೀವಲ್ಲ, ಇವರದ್ದೂ ಒಂದ್ಸಲ ನೋಡ್ಬಿಡಿ" ಎಂದು ನನ್ನನ್ನು ಮುಂದೆ ತಳ್ಳಿದಳು. ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಾಗ ನನ್ನ ಮನಸ್ಸಿನಲ್ಲಿ ಒಂದು ಆಸೆ ಚಿಗುರಿದ್ದು ನಿಜ. ಹೆಚ್ಚೇನೂ ಬೇಡ, ಭಾವನಷ್ಟು ದೊಡ್ಡದೂ ಬೇಡ, ಒಂದು ಕಿವಿಯಲ್ಲಿ ಒಂದಿಷ್ಟು ನರ ಸಡಿಲವಾಗಿದ್ದರೂ ಸಾಕು. ಅಷ್ಟಿದ್ದರೆ ಬೆಳಿಗ್ಗೆ ಪೇಪರ್ ಓದುವಾಗ ಹಾಲು ಉಕ್ಕಿದ್ದು, ನೆಂಟರ ಮದುವೆಯ ತಾರೀಕು, ಗ್ಯಾಸಿನವನು ಬಂದು ವಾಪಸು ಹೋದದ್ದು, ಎಲ್ಲಕ್ಕೂ ವೈದ್ಯಶಾಸ್ತ್ರದ ಬೆಂಬಲ ಸಿಕ್ಕಿಬಿಡುತ್ತಿತ್ತು. ಆದರೆ ಆ ಹಾಳು ಸದ್ದುಗಳು ಒಂದೂ ಬಿಡದೆ ಕೇಳಿಸಿದವು. ನನ್ನ ಬೆರಳು ತಾನಾಗಿ ಗುಂಡಿ ಒತ್ತುತ್ತ ಹೋಯಿತು.

ಆ ಹೆಣ್ಣುಮಗಳು ಹೊರಗೆ ಬಂದು ನಗುತ್ತ, "ಸಾರ್ ಕಿವಿಗೆ ಏನೂ ಆಗಿಲ್ಲ ಮೇಡಂ. ಇಪ್ಪತ್ತು ವರ್ಷದ ಹುಡುಗರ ಕಿವಿ ಇದ್ದ ಹಾಗಿದೆ. ಸಣ್ಣ ಸದ್ದೂ ತಪ್ಪಿಲ್ಲ" ಎಂದಳು. ವಸುಧಾ ನನ್ನ ಮುಖ ನೋಡಿ, "ಹೌದಾ?" ಎಂದಳು. ಅಷ್ಟೇ. ಅದಕ್ಕೂ ಹೆಚ್ಚು ಏನಾದರೂ ಹೇಳಿದ್ದರೆ ನಾನು ಜಗಳವಾಡಿ ಗೆಲ್ಲಬಹುದಿತ್ತು. ಹೊಸ ಮಿಷನ್ನಿನಲ್ಲಿ ಇಷ್ಟನ್ನೂ ಸ್ಪಷ್ಟವಾಗಿ ಕೇಳಿಸಿಕೊಂಡ ಭಾವ ಹತ್ತಿರ ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟು, ತುಂಬ ಮರುಕದಿಂದ ಹೇಳಿದರು: "ನಂದಕ್ಕಾದ್ರೆ ಮಿಷನ್ ಇದೆ ಮಾರಾಯ. ನಿಂದಕ್ಕೇನು ಮಾಡೋದು?"

ಅಂದಿನಿಂದ ನಮ್ಮ ಮನೆಯಲ್ಲಿ ವಸುಧಾ ಒಂದು ಸಲ ಕರೆದರೆ ನಾನು ಎದ್ದು ಹೋಗುತ್ತೇನೆ. ಬೇರೆ ದಾರಿಯಿಲ್ಲ. ಇದನ್ನು ಬರೆಯಲು ಕೂತ ಮೇಲೂ ಎಷ್ಟೋ ಸಲ ಏಳಬೇಕಾಯಿತು, ಓದುವಾಗ ಎಲ್ಲಾದರೂ ಎಳೆ ತಪ್ಪಿದಂತೆ ಕಂಡರೆ ಕಾರಣ ಅದೇ. ಈಗಲೂ ಒಳಗಿನಿಂದ ಕರೆಯುತ್ತಿದ್ದಾಳೆ. ನನಗೆ ಕೇಳಿಸುತ್ತಿದೆ, ಕೇಳಿಸುತ್ತಿದೆ ಎಂದು ಅವಳಿಗೂ ಗೊತ್ತು.